ಕಾರಿಲ್ಲದವರ ದ್ವೀಪಯಾತ್ರೆ

ನಮ್ಮ ಮನೆಯಲ್ಲಿ ಕಾರಿಲ್ಲ. ಹಿಂದಿನ ಕಾಲದಲ್ಲಾಗಿದ್ದರೆ ಈ ಮಾತನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ; ಕಾರುಳ್ಳವರು ಮಾತ್ರ ತಮಗೆ ಕಾರುಂಟೆಂದು ಹೇಳಿಕೊಳ್ಳುತ್ತಿದ್ದರು. ಈಗ ಕಾಲ ತಿರುಗುಮುರುಗಾಗಿದೆ. ಕಡೂರಿನ ನಮ್ಮ ಬೀದಿಯಲ್ಲಿ ರಾತ್ರಿ ಎಂಟು ಗಂಟೆಯ ಮೇಲೆ ಹಸು ಮಲಗುವುದಕ್ಕೂ ಎಡೆಯಿಲ್ಲದಂತೆ ಕಾರುಗಳು ಮಲಗಿರುತ್ತವೆ. ನಮ್ಮ ಮನೆಯ ಮುಂದಿನ ಜಾಗ ಒಂದೇ ಖಾಲಿ. ಆದುದರಿಂದ ಅದು ನೆರೆಮನೆಯವರ ಎರಡನೆಯ ಕಾರಿಗೆ ಉಪಯೋಗವಾಗುತ್ತಿದೆ. ಈ ಪರೋಪಕಾರದಿಂದ ನನಗೆ ಬಂದಿರುವ ಪುಣ್ಯವನ್ನು ಬಿಟ್ಟರೆ ಮೋಟಾರು ವಾಹನಕ್ಕೂ ನನಗೂ ಬೇರೆ ಸಂಬಂಧವಿಲ್ಲ.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನ ಮಕ್ಕಳಿಗೆ ಭೂಗೋಳ ಪಾಠ ಹೇಳಿ ನಿವೃತ್ತನಾದವನು. "ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗಕ್ಕೆ ದ್ವೀಪವೆನ್ನುತ್ತಾರೆ" ಎಂಬ ವಾಕ್ಯವನ್ನು ಅದೆಷ್ಟು ಸಲ ಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ನಿಜವಾದ ಒಂದು ದ್ವೀಪವನ್ನು ಹತ್ತಿರದಿಂದ ಕಂಡವನಲ್ಲ. ನೋಡದೆಯೇ ವರ್ಣಿಸುವುದು ಭೂಗೋಳದ ಮೇಷ್ಟರುಗಳಿಗೆ ಇರುವ ಒಂದು ವಿಶೇಷ ಸವಲತ್ತು.

ಈ ವರ್ಷ ಬೇಸಿಗೆಯ ರಜಕ್ಕೆ ಬೆಂಗಳೂರಿನಿಂದ ಬಂದ ನನ್ನ ಎಂಟು ವರ್ಷದ ಮೊಮ್ಮಗ ಆ ಸವಲತ್ತಿಗೆ ಕೈಯಿಟ್ಟ. ಅವನ ತರಗತಿಯ ಹುಡುಗನೊಬ್ಬ ಅಂಡಮಾನಿಗೆ ಹೋಗುತ್ತಾನಂತೆ, ಮತ್ತೊಬ್ಬ ಮಾಲ್ಡೀವ್ಸಿಗಂತೆ. "ತಾತ, ನಮ್ಮೂರ ಹತ್ತಿರ ಒಂದೂ ದ್ವೀಪ ಇಲ್ಲವೇ?" ಎಂದು ಕೇಳಿದ. ನಾನು ಕನ್ನಡಕವನ್ನು ಸರಿಮಾಡಿಕೊಂಡು ಪಾಠ ಆರಂಭಿಸಿದೆ. ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪ, ಅಲ್ಲಿನ ಕಂಬಗಳಂಥ ಬಂಡೆಗಳು, ದೋಣಿಯಲ್ಲಿ ಹೋಗಿ ಕಾಲ್ನಡಿಗೆಯಲ್ಲೇ ಸುತ್ತಿ ಬರಬೇಕಾದ ಅದರ ಪುಟ್ಟ ವಿಸ್ತಾರ. ಅಮೆರಿಕದ ಮ್ಯಾಕಿನಾ ಎಂಬ ದ್ವೀಪದಲ್ಲಿ 1898ರಲ್ಲಿಯೇ ಮೋಟಾರು ಗಾಡಿಗಳನ್ನು ನಿಷೇಧಿಸಿದ್ದಾರೆ, ಇಂದಿಗೂ ಅಲ್ಲಿಗೆ ಬರುವ ಪ್ರವಾಸಿಗಳು ಕುದುರೆಗಾಡಿಯಲ್ಲಿಯೋ ಬೈಸಿಕಲ್ಲಿನಲ್ಲಿಯೋ ಓಡಾಡುತ್ತಾರೆ ಎಂಬುದನ್ನೂ ಹೇಳಿದೆ. ಕಾರಿಲ್ಲದ ಮನೆಯವನಿಗೆ ಇಂಥ ವಿಷಯಗಳು ಬೇಗ ಬಾಯಿಪಾಠವಾಗುತ್ತವೆ.

ಮೂಲೆಯಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಿದ್ದ ನಮ್ಮಮ್ಮ ತಲೆಯೆತ್ತದೆ ಹೇಳಿದಳು: "ದ್ವೀಪ ನೋಡಲು ಸಮುದ್ರಕ್ಕೇಕೆ ಹೋಗಬೇಕು? ನಮ್ಮ ಊರಿನ ಗುಡ್ಡಗಳೇ ಈಗ ದ್ವೀಪವಾಗಿವೆಯಂತೆ."

ಪಾಠ ಅಲ್ಲಿಗೆ ನಿಂತಿತು.

ಅಮ್ಮನಿಗೆ ಈಗ ಎಂಬತ್ತೆರಡು. ಅವಳ ತವರು ಭದ್ರಾ ನದಿಯ ದಂಡೆಯ ಒಂದು ಪುಟ್ಟ ಹಳ್ಳಿ. ಅದರ ಹೆಸರನ್ನು ಹೇಳಿ ಪ್ರಯೋಜನವಿಲ್ಲ. ಹುಡುಕಿ ಹೊರಟರೆ ಸಿಕ್ಕುವುದು ನೀರು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಬಳಿ ಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸ 1947ರಲ್ಲಿ ಪ್ರಾರಂಭವಾಗಿ 1960ರ ದಶಕದಲ್ಲಿ ಮುಗಿಯಿತು. ಜಲಾಶಯ ತುಂಬಿದಾಗ ಹಿಡಿಯುವ ನೀರು ಎಪ್ಪತ್ತೊಂದೂವರೆ ಟಿ.ಎಂ.ಸಿ.; ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಶಿವಮೊಗ್ಗ, ದಾವಣಗೆರೆ ಸೀಮೆಯ ಗದ್ದೆಗಳೂ ತೋಟಗಳೂ ಇಂದು ಹಸಿರಾಗಿರುವುದು ಆ ನೀರಿನಿಂದ. ನಾವು ಉಣ್ಣುವ ಅಕ್ಕಿಯಲ್ಲಿಯೂ ಅದರ ಪಾಲಿರಬಹುದು. ಈ ಅಂಕಿಗಳನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳಿದ್ದೇನೆ. ಆ ನೀರಿನ ತಳದಲ್ಲಿ ನನ್ನ ತಾಯಿ ಕುಂಟಬಿಲ್ಲೆಯಾಡಿದ ಅಂಗಳವಿದೆ ಎಂಬುದನ್ನು ಮಾತ್ರ ಒಂದು ಸಲವೂ ಹೇಳಿದವನಲ್ಲ.

ಅವಳು ಊರು ಬಿಟ್ಟಾಗ ಹದಿನೈದು ವರ್ಷ. ಹೆಂಚು ಇಳಿಸಿ, ತೊಲೆ ಬಿಚ್ಚಿ, ಬಾಗಿಲುವಾಡವನ್ನೂ ಕಿತ್ತು ಎರಡು ಎತ್ತಿನ ಗಾಡಿಗಳ ಮೇಲೆ ಹೇರಿಕೊಂಡು ತರೀಕೆರೆಯ ಕಡೆಗೆ ಬಂದರಂತೆ. ಒರಳುಕಲ್ಲನ್ನು ಮಾತ್ರ ತರಲಾಗಲಿಲ್ಲವಂತೆ. ಇಷ್ಟನ್ನು ಅವಳು ಆಗಾಗ ಹೇಳಿದ್ದುಂಟು. ಆದರೆ ಹೋಗಿ ನೋಡಬೇಕೆಂದು ಬಾಯಿಬಿಟ್ಟು ಎಂದೂ ಕೇಳಿದವಳಲ್ಲ. ಅಂದು ಕೇಳಿದ್ದೂ ಕೇಳಿದಂತಿರಲಿಲ್ಲ. ಆದರೂ ನಮ್ಮವಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಆ ನೋಟದ ಅರ್ಥ ನನಗೆ ತಿಳಿಯದಿರಲಿಲ್ಲ.

ಬೆಂಗಳೂರಿನಲ್ಲಿರುವ ನನ್ನ ಮಗನಿಗೆ ಕಾರುಂಟು. "ಮುಂದಿನ ರಜಕ್ಕೆ ಅಜ್ಜಿಯನ್ನು ನಾನೇ ಕಾರಿನಲ್ಲಿ ಕೂರಿಸಿಕೊಂಡು ಲಕ್ಕವಳ್ಳಿ ತೋರಿಸಿ ತರುತ್ತೇನೆ" ಎಂದು ಅವನು ಹೇಳಿ ಮೂರು ವರ್ಷವಾಗಿತ್ತು. ಅವನದು ತಪ್ಪೆಂದು ಹೇಳಲಾರೆ. ಅವನ ಕಛೇರಿಗೆ ರಜವೆಂಬುದು ನಮ್ಮ ಕಡೂರಿಗೆ ಮಳೆಯಿದ್ದಂತೆ, ಮೋಡ ಕಾಣಿಸುತ್ತದೆ, ಹನಿ ಬೀಳುವುದಿಲ್ಲ. ಈ ಸಲವೂ ಅವನು ಫೋನಿನಲ್ಲಿ, "ಇನ್ನೊಂದು ತಿಂಗಳು ತಡೆಯಿರಿ ಅಪ್ಪ" ಎಂದ. ಅಮ್ಮ ನಕ್ಕು, "ಅವನ ಕಾರು ಬರುವುದರೊಳಗೆ ನನ್ನ ಗಾಡಿ ಹೊರಟುಬಿಟ್ಟೀತು" ಎಂದಳು. ಆ ನಗೆಯಲ್ಲಿ ದೂರಿರಲಿಲ್ಲ. ಅದಕ್ಕೇ ಅದು ನನಗೆ ಹೆಚ್ಚು ತಾಗಿತು. ರೈಲಿದೆ, ಬಸ್ಸಿದೆ, ಆಟೋ ಇದೆ. ಮೂರು ವರ್ಷ ನಾನು ಕಾದದ್ದು ಏತಕ್ಕೆ? ತಾಯಿಯನ್ನು ಬಸ್ಸಿನಲ್ಲಿ ಕರೆದೊಯ್ದರೆ ಬೀದಿಯವರು ಏನೆಂದಾರೋ ಎಂಬ ಅಳುಕು ನನ್ನಲ್ಲಿಯೇ ಇತ್ತೆಂದು ಒಪ್ಪಿಕೊಳ್ಳುವುದು ಲೇಸು. ಮಗನಿಗೆ ಹೇಳಿ, ಜಲಾಶಯದ ಅಂಚಿನಲ್ಲಿರುವ ರಿವರ್ ಟರ್ನ್ ಲಾಡ್ಜಿನಲ್ಲಿ ಒಂದು ರಾತ್ರಿಯ ವಸತಿಯನ್ನು ಅಂತರಜಾಲದಲ್ಲಿ ಕಾದಿರಿಸಿದೆ. ಅದು ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯದು; ನೀರಿನ ಮೇಲೆ ದೋಣಿಯಲ್ಲಿ ಕರೆದೊಯ್ಯುವವರು ಅವರೇ. ಕಾರಿನ ಖರ್ಚು ಉಳಿಯಿತೆಂದು ಆ ಹಣವನ್ನು ಮಗನೇ ಕಟ್ಟಿದ.

ಇನ್ನು ಪ್ರಯಾಣದ ವಿಚಾರ. ನಮ್ಮ ಹಾಗೆ ಕಾರಿಲ್ಲದ ಓದುಗರಿಗೆ ಉಪಯೋಗವಾದೀತೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕಡೂರಿನಿಂದ ಶಿವಮೊಗ್ಗದ ಕಡೆಗೆ ಹೋಗುವ ರೈಲು ಹತ್ತಿದರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಬೀರೂರು ಜಂಕ್ಷನ್. ಅಲ್ಲಿ ಹಾದಿ ಎರಡಾಗಿ ಒಡೆಯುತ್ತದೆ. ಒಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರು, ದಾವಣಗೆರೆಗಳ ಬಯಲಿಗೆ. ಇನ್ನೊಂದು ತರೀಕೆರೆಯ ಮೇಲೆ ಭದ್ರಾವತಿ, ಶಿವಮೊಗ್ಗಗಳ ಮಲೆನಾಡಿಗೆ. ಈ ಎರಡನೆಯ ಹಾದಿ ತೆರೆದದ್ದು 1899ರಲ್ಲಿ. ಬೀರೂರು ದಾಟಿ ಸ್ವಲ್ಪ ದೂರ ಹೋಗುತ್ತಲೇ ತೆಂಗಿನ ತೋಟದ ನಡುವೆ ಅಡಿಕೆಯೂ ತಲೆಯೆತ್ತುತ್ತದೆ. ಎಡಕ್ಕೆ ಬಾಬಾಬುಡನ್‌ಗಿರಿಯ ಸಾಲು ನೀಲಿಯಾಗಿ ಕಾಣಿಸುತ್ತದೆ. ಕಿಟಕಿಯ ಪಕ್ಕ ಕೂತ ಅಮ್ಮ ಮೊಮ್ಮಗನ ಮಗನಿಗೆ, "ಅದೋ ಆ ಕಡೆ ಕೆಮ್ಮಣ್ಣುಗುಂಡಿ, ಮಹಾರಾಜರು ಬೇಸಿಗೆಗೆ ಬರುತ್ತಿದ್ದ ಜಾಗ" ಎಂದು ತೋರಿಸಿದಳು. ಭೂಗೋಳದ ಮೇಷ್ಟರು ಎದುರಿನ ಆಸನದಲ್ಲಿ ಸುಮ್ಮನೆ ಕುಳಿತಿದ್ದರು.

ತರೀಕೆರೆಯ ನಿಲ್ದಾಣದಿಂದ ಬಸ್‌ಸ್ಟ್ಯಾಂಡಿಗೆ ಆಟೋ ಹಿಡಿದೆವು. ಅಲ್ಲಿ ಅಜ್ಜಂಪುರದಿಂದ ಬಂದ ನನ್ನ ತಂಗಿ ಚಿತ್ರಾನ್ನದ ಡಬ್ಬಿಯೊಡನೆ ಕಾದಿದ್ದಳು. ಅವಳು ಬಂದದ್ದು ಸರಕಾರಿ ಬಸ್ಸಿನಲ್ಲಿ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತವಾದ ಮೇಲೆ ಅವಳು ತವರಿಗೆ ಬರುವುದು ಹೆಚ್ಚಾಗಿದೆ. ಅದರಿಂದ ನನ್ನ ಶ್ರೀಮತಿಗೂ ಸಂತೋಷವೇ. ಅವಳೂ ತನ್ನ ತವರಿಗೆ ಹೋಗುವುದು ಹೆಚ್ಚಾಗಿದೆಯಲ್ಲ! ಆದರೆ ಲಕ್ಕವಳ್ಳಿಗೆ ಹೊರಟು ನಿಂತಿದ್ದ ಬಸ್ಸು ಖಾಸಗಿಯವರದು. ಅಲ್ಲಿ ಹೆಂಗಸರಿಗೂ ಟಿಕೆಟ್ಟು. ಮಲೆನಾಡಿನ ಕಡೆಗೆ ಹೊರಡುವವರು ಈ ಭೇದವನ್ನು ಮೊದಲೇ ತಿಳಿದುಕೊಂಡು ಚಿಲ್ಲರೆ ಇಟ್ಟುಕೊಂಡಿರಬೇಕು. ಇನ್ನೊಂದು ಮಾತು: ಊರಿಗೆ ಇಳಿದ ಕೂಡಲೇ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಇಬ್ಬರನ್ನು ಕೇಳಬೇಕು, ಒಬ್ಬರ ಮಾತು ಸಾಲದು.

ತಂಗಿಗೆ ಭದ್ರೆಯ ಮೇಲೆ ಹೊಸ ಅಭಿಮಾನ ಬಂದಿದೆ. ಭದ್ರಾ ಮೇಲ್ದಂಡೆ ಯೋಜನೆಗಾಗಿ ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರು ಉದ್ದದ ಸುರಂಗ ಕೊರೆದಿದ್ದಾರೆ. ನೀರನ್ನು ಯಂತ್ರಗಳಿಂದ ಮೇಲಕ್ಕೆತ್ತಿ ಆ ಸುರಂಗದ ಮೂಲಕ ಚಿತ್ರದುರ್ಗದ ಕಡೆಗೆ ಹರಿಸುವ ಯೋಜನೆ ಅದು. 2019ರಲ್ಲಿ ಆ ಹಾದಿಯಾಗಿ ನೀರು ವಾಣಿವಿಲಾಸ ಸಾಗರಕ್ಕೆ ಹೋಯಿತು. "ಅಮ್ಮ, ನಿನ್ನ ಭದ್ರೆ ಈಗ ನಮ್ಮೂರಿಗೂ ಬಂದಿದ್ದಾಳೆ" ಎಂದು ತಂಗಿ ಬಸ್ಸಿನಲ್ಲಿ ಹೆಮ್ಮೆಯಿಂದ ಹೇಳಿದಳು.

"ಬರದೆ ಏನು? ನನ್ನನ್ನು ಓಡಿಸಿದವಳು ನಾನು ಎಲ್ಲಿ ಹೋದೆನೆಂದು ಹುಡುಕಿಕೊಂಡು ಬಂದಿರುತ್ತಾಳೆ" ಎಂದಳು ಅಮ್ಮ.

ಈ ಮಾತಿಗೆ ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ಐವತ್ತರ ಆಸುಪಾಸಿನವಳು, ಮಡಿಲಲ್ಲಿ ಬಾಳೆಯ ಗೊನೆಯಿದ್ದ ಚೀಲ. ಅಷ್ಟರಲ್ಲಿ ಬಸ್ಸಿನ ಹಿಂದಿನ ಚಕ್ರದ ಗಾಳಿ ಹೋಯಿತು. ಕಾರಿನಲ್ಲಿ ಹೀಗಾಗಿದ್ದರೆ ನಾನು ಬೆವರಿ, ನನ್ನ ಮಗ ಯಾರಿಗೋ ಫೋನು ಮಾಡಿ, ಎಲ್ಲರೂ ಒಬ್ಬರ ಮೇಲೊಬ್ಬರು ಸಿಡುಕುತ್ತಿದ್ದೆವು. ಬಸ್ಸಿನಲ್ಲಿ ಅದು ನಮ್ಮ ತೊಂದರೆಯಲ್ಲ, ಕಂಡಕ್ಟರನ ತೊಂದರೆ. ಪ್ರಯಾಣಿಕರು ಇಳಿದು ಮರದ ನೆರಳಿಗೆ ಹೋದೆವು. ತಂಗಿ ಚಿತ್ರಾನ್ನದ ಡಬ್ಬಿ ತೆರೆದಳು. ಗೊನೆಯ ಹೆಂಗಸು ಮೊಮ್ಮಗನಿಗೆ ಎರಡು ಹಣ್ಣು ಕಿತ್ತುಕೊಟ್ಟು ಅಮ್ಮನ ಪಕ್ಕದಲ್ಲಿ ಕುಳಿತಳು.

"ಅಜ್ಜಮ್ಮ, ನಿಮ್ಮದೂ ಮುಳುಗಿದ ಊರೇ?" ಎಂದು ಕೇಳಿದಳು.

ಅವಳು ಎಂ.ಸಿ. ಹಳ್ಳಿಯವಳಂತೆ. ಹುಟ್ಟಿದ್ದು, ಕೊಟ್ಟದ್ದು ಎಲ್ಲವೂ ಭದ್ರಾ ಅಭಯಾರಣ್ಯದ ಒಳಗಿನ ಹಳ್ಳಿಗಳಲ್ಲಿ. 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವೆಂದು ಹೆಸರಾಗಿದ್ದ ಆ ಕಾಡು 1974ರಲ್ಲಿ ವಿಸ್ತಾರಗೊಂಡು ಭದ್ರಾ ಎಂಬ ಹೆಸರು ಪಡೆಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001-02ರ ಸುಮಾರಿಗೆ ಒಳಗಿದ್ದ ಹಳ್ಳಿಗಳವರಿಗೆ ಹೊರಗೆ ಭೂಮಿ ಕೊಟ್ಟು ಸಾಗಿಸಿದರು. ಅವರಲ್ಲಿ ಹೆಚ್ಚಿನವರಿಗೆ ದೊರೆತದ್ದು ತರೀಕೆರೆ ತಾಲ್ಲೂಕಿನ ಈ ಎಂ.ಸಿ. ಹಳ್ಳಿ.

"ಸುಳ್ಳು ಹೇಳಬಾರದು, ಅಜ್ಜಮ್ಮ. ಭೂಮಿ ಕೊಟ್ಟರು, ಮನೆ ಆಯಿತು. ಅಲ್ಲಿದ್ದರೆ ಬಾಣಂತಿಯನ್ನು ಕಂಬಳಿಯಲ್ಲಿ ಹೊತ್ತು ತರಬೇಕಾಗಿತ್ತು. ಗದ್ದೆ ಆನೆಯ ಪಾಲಾಗುತ್ತಿತ್ತು. ಇಲ್ಲಿ ಮಕ್ಕಳು ಓದಿದರು. ಚೆನ್ನಾಗಿಯೇ ಇದ್ದೇವೆ" ಎಂದಳು. ಆಮೇಲೆ ಹಣ್ಣಿನ ಸಿಪ್ಪೆಯನ್ನು ಕೈಯಲ್ಲಿ ಮಡಿಸುತ್ತ, "ಆದರೂ ಮಳೆ ಬಿದ್ದ ದಿನ ಆ ಮಣ್ಣಿನ ವಾಸನೆ ಇಲ್ಲಿಯದಲ್ಲ ಅನ್ನಿಸುತ್ತದೆ" ಎಂದಳು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೆ ನೀರು ಬಂತು, ನಿಮಗೆ ಹುಲಿ ಬಂತು. ಇಬ್ಬರಿಗೂ ಜಾಗ ಬೇಕಲ್ಲ ತಾಯಿ" ಎಂದಳು.

ಎಂಬತ್ತೆರಡರವಳೂ ಐವತ್ತರವಳೂ ಆಮೇಲೆ ಏನೇನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಯಾವುದೋ ಹಳ್ಳದ ಹೆಸರು, ಯಾವುದೋ ಹೊಳೆದಾರಿಯ ಹೆಸರು ಇಬ್ಬರಿಗೂ ಗೊತ್ತಿದ್ದುದರಿಂದ ಒಮ್ಮೆ ಇಬ್ಬರೂ ಒಟ್ಟಿಗೆ ನಕ್ಕರು. ತಾಯಿಯ ಬಾಯಿಂದ ನಾನು ಅರುವತ್ತು ವರ್ಷ ಕೇಳದೆ ಇದ್ದ ಹೆಸರುಗಳು ಚಕ್ರ ಬದಲಾಯಿಸುವ ಮುಕ್ಕಾಲು ಗಂಟೆಯಲ್ಲಿ ಹೊರಬಿದ್ದವು. ನಾನೇಕೆ ಎಂದೂ ಕೇಳಲಿಲ್ಲ ಎಂದು ಯೋಚಿಸುತ್ತಿದ್ದೆ. ಕಂಡಕ್ಟರು ಶಿಳ್ಳು ಹಾಕಿದ.

ಲಕ್ಕವಳ್ಳಿಯಲ್ಲಿ ಇಳಿದು ಆಟೋದವನೊಡನೆ ಮಾತಾಡಿದೆವು. ಅವನು ಕೇಳಿದ ಬಾಡಿಗೆ ಹೆಚ್ಚೆಂದು ನನಗೆ ತೋರಿತು. "ಸಾರ್, ಅಲ್ಲಿಂದ ಬರುವಾಗ ನನಗೆ ಯಾರೂ ಸಿಗುವುದಿಲ್ಲ. ನೀವು ಎರಡು ಕಡೆಯ ಬಾಡಿಗೆ ಕೊಡುವುದು ನ್ಯಾಯ, ನಾಳೆ ಕರೆದುಕೊಂಡು ಹೋಗುವುದಕ್ಕೂ ನಾನೇ ಬರುತ್ತೇನೆ" ಎಂದ. ಲೆಕ್ಕ ಸರಿಯಾಗಿತ್ತು, ಒಪ್ಪಿದೆ. ಇದೂ ಕಾರಿಲ್ಲದವರು ಕಲಿಯಬೇಕಾದ ಒಂದು ಪಾಠ: ಹಾದಿಯ ಕೊನೆಯ ಕೆಲವು ಮೈಲಿ ಮೊದಲಿನ ಐವತ್ತು ಮೈಲಿಗಳಿಗಿಂತ ದುಬಾರಿ, ಮರುದಿನದ ವಾಹನವನ್ನು ಹಿಂದಿನ ದಿನವೇ ಗೊತ್ತುಮಾಡಿಕೊಳ್ಳದಿದ್ದರೆ ನೆಮ್ಮದಿಯಿಲ್ಲ.

ವಸತಿಯ ಬಳಿ ಬೆಂಗಳೂರಿನ ದೊಡ್ಡ ದೊಡ್ಡ ಕಾರುಗಳು ಸಾಲಾಗಿ ನಿಂತಿದ್ದವು. ಅವುಗಳ ನಡುವೆ ನಮ್ಮ ಆಟೋ ಹೊಗೆಯುಗುಳುತ್ತ ನಿಂತಾಗ ನನಗೆ ಮತ್ತೆ ಹಳೆಯ ಅಳುಕು. ಆದರೆ ಅಲ್ಲೊಂದು ವಿನೋದವುಂಟು. ಆ ಕಾರುಗಳು ಅಲ್ಲಿಂದ ಒಂದು ಅಡಿಯೂ ಮುಂದೆ ಹೋಗುವಂತಿಲ್ಲ. ಕಾಡಿನೊಳಕ್ಕೆ ಹೋಗುವುದಾದರೆ ಅವರ ಜೀಪನ್ನೇ ಹತ್ತಬೇಕು. ನೀರಿನ ಮೇಲೆ ಹೋಗುವುದಾದರೆ ಅವರ ದೋಣಿಯನ್ನೇ ಏರಬೇಕು. ದ್ವೀಪ ನೋಡಲು ಬಂದಮೇಲೆ ಕಾರುಳ್ಳವರೂ ಕಾರಿಲ್ಲದವರೇ! ಮರುದಿನ ಬೆಳಿಗ್ಗೆ ದೋಣಿಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತ ಮಹನೀಯರು ಅಂಥ ಒಂದು ಕಾರಿನ ಒಡೆಯರು. ಅಮ್ಮ ಕೂರಲು ಸರಿಯಾಗಿ ಜಾಗ ಬಿಟ್ಟು, ಕೈಹಿಡಿದು ಇಳಿಸಿಕೊಂಡವರು ಅವರೇ.

ದೋಣಿಗೆ ಮುಂಚೆ ಎಲ್ಲರಿಗೂ ತೇಲುವ ಅಂಗಿ ತೊಡಿಸಿದರು. ಕಿತ್ತಲೆಯ ಬಣ್ಣದ ಆ ದಪ್ಪ ಅಂಗಿಯನ್ನು ಇಳಕಲ್ ಸೀರೆಯ ಮೇಲೆ ಬಿಗಿಸಿಕೊಂಡ ಅಮ್ಮನನ್ನು ಕಂಡು ಮೊಮ್ಮಗ ಚಪ್ಪಾಳೆ ತಟ್ಟಿದ. "ಆಗ ಇದನ್ನು ಕೊಟ್ಟಿದ್ದರೆ ನಾವು ಊರು ಬಿಡುವ ಅಗತ್ಯವೇ ಇರುತ್ತಿರಲಿಲ್ಲ" ಎಂದು ಅಮ್ಮ ಗಂಭೀರವಾಗಿ ಹೇಳಿದಳು.

ಏಪ್ರಿಲ್ ತಿಂಗಳಾದುದರಿಂದ ನೀರು ಬಹಳ ಇಳಿದಿತ್ತು. ತುಂಬಿದಾಗ ನೂರೆಂಬತ್ತಾರು ಅಡಿಯೆಂದು ಲೆಕ್ಕವಿಡುವ ಜಲಾಶಯ ಅದು. ಇಳಿದಷ್ಟೂ ಸುತ್ತಲಿನ ಗುಡ್ಡಗಳ ಬುಡದಲ್ಲಿ ಕೆಂಪು ಮಣ್ಣಿನ ಪಟ್ಟಿ ಅಗಲವಾಗುತ್ತದೆ. ನೀರಿನ ನಡುವೆ ಅಲ್ಲೊಂದು ಇಲ್ಲೊಂದು ಬೋಳು ದಿಬ್ಬ ತಲೆಯೆತ್ತಿದ್ದವು. ಇವೇ ಆ ದ್ವೀಪಗಳು. ಒಂದು ಕಾಲದಲ್ಲಿ ದನ ಮೇಯುತ್ತಿದ್ದ ಗುಡ್ಡಗಳ ನೆತ್ತಿಗಳು. ಮಳೆಗಾಲದಲ್ಲಿ ನೀರು ಏರಿದಾಗ ಅವುಗಳಲ್ಲಿ ಹಲವು ಮತ್ತೆ ಮುಳುಗಿಹೋಗುತ್ತವೆ. ನಾನು ಹಲಗೆಯ ಮೇಲೆ ಬರೆಯುತ್ತಿದ್ದ ವಾಕ್ಯದಲ್ಲಿ ಅರ್ಧ ವರ್ಷ ಇದ್ದು ಅರ್ಧ ವರ್ಷ ಇಲ್ಲದಿರುವ ದ್ವೀಪಕ್ಕೆ ಎಡೆಯಿರಲಿಲ್ಲ.

ಒಂದು ದಿಬ್ಬದ ಬಳಿಗೆ ದೋಣಿ ಮೆಲ್ಲನೆ ಸಾಗಿದಾಗ ಇಡೀ ನೆಲವೇ ಎದ್ದು ಹಾರಿದಂತಾಯಿತು. ಬೂದುಬಿಳುಪಿನ ಮೈ, ಕಪ್ಪು ಟೋಪಿಯಿಟ್ಟಂಥ ತಲೆ, ಹಳದಿಯ ಕೊಕ್ಕು, ಕವಲೊಡೆದ ಬಾಲ. ಕನ್ನಡದಲ್ಲಿ ನದಿ ರೀವವೆಂದೂ ಇಂಗ್ಲಿಷಿನಲ್ಲಿ ರಿವರ್ ಟರ್ನ್ ಎಂದೂ ಕರೆಯುವ ಹಕ್ಕಿ ಇದು. ವಸತಿಗೆ ಹೆಸರು ಬಂದದ್ದೂ ಇದರಿಂದ. ಬೇಸಿಗೆಯಲ್ಲಿ ನೀರಿಳಿದು ದಿಬ್ಬಗಳು ಎದ್ದಾಗ ಈ ಹಕ್ಕಿಗಳು ಗುಂಪುಗುಂಪಾಗಿ ಬಂದು ನೆಲದ ಮೇಲೆಯೇ ಸಣ್ಣ ಗುಳಿ ಮಾಡಿ ಮೊಟ್ಟೆಯಿಡುತ್ತವೆ. ಗೂಡೆಂಬುದಿಲ್ಲ, ಕಡ್ಡಿಯಿಲ್ಲ, ಹುಲ್ಲಿಲ್ಲ. ಮೊಟ್ಟೆಯ ಮೇಲಿನ ಚುಕ್ಕೆಗಳು ಕಲ್ಲುಮಣ್ಣಿನ ಬಣ್ಣದವೇ ಆದುದರಿಂದ ಅದೇ ಅದರ ರಕ್ಷೆ. ಸುತ್ತ ನೀರಿರುವುದರಿಂದ ನರಿ, ನಾಯಿಗಳ ಭಯ ಕಡಿಮೆ. ದೇಶದ ಎಷ್ಟೋ ನದಿಗಳಲ್ಲಿ ಅಣೆಕಟ್ಟುಗಳಿಂದಲೂ ಮರಳು ತೆಗೆಯುವುದರಿಂದಲೂ ಈ ಹಕ್ಕಿ ನೆಲೆ ಕಳೆದುಕೊಂಡಿದೆ. ಇಲ್ಲಿ ಅಣೆಕಟ್ಟೇ ಅದಕ್ಕೆ ನೆಲೆ ಕೊಟ್ಟಿದೆ. ಅದೇ ಕಾರಣದಿಂದ ಯಾರನ್ನೂ ಆ ದಿಬ್ಬದ ಮೇಲೆ ಇಳಿಸುವುದಿಲ್ಲ. ದೂರದಿಂದ ನೋಡಿ ಬರಬೇಕು.

ನನಗೆ ಒಳಗೊಳಗೇ ಸಂಕಟವಾಗುತ್ತಿತ್ತು. ಇಷ್ಟು ದೂರ ಬಂದು, ತಾಯಿಗೆ ಒಂದು ಹಿಡಿ ಮಣ್ಣು ಮುಟ್ಟುವ ಭಾಗ್ಯವೂ ಇಲ್ಲವಲ್ಲ ಎಂದು. ಮೆಲ್ಲನೆ ಕೇಳಿದೆ: "ಅಮ್ಮ, ನಿಮ್ಮ ಊರಿನ ಗುಡ್ಡ ಯಾವುದು, ಗುರುತು ಸಿಕ್ಕಿತೇ?"

ಅವಳು ಕೈಯನ್ನು ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಒಂದು ದಿಬ್ಬವನ್ನು ತೋರಿಸಿದಳು. ಆಮೇಲೆ ತಲೆಯಾಡಿಸಿ ಇನ್ನೊಂದನ್ನು ನೋಡಿದಳು. "ಗೊತ್ತಾಗುವುದಿಲ್ಲ ಮಗು. ನಾವು ಕೆಳಗಿನಿಂದ ಮೇಲಕ್ಕೆ ನೋಡುತ್ತಿದ್ದೆವು. ಈಗ ಮೇಲಿನಿಂದ ನೋಡುತ್ತಿದ್ದೇವೆ" ಎಂದಳು.

ನಾನು ಮುಖ ತಿರುಗಿಸಿಕೊಂಡೆ. ನನ್ನ ಶ್ರೀಮತಿ ಅತ್ತೆಯ ಬೆನ್ನಿನ ಮೇಲೆ ಕೈಯಿಟ್ಟಳು. ಮೊಮ್ಮಗ ಮಾತ್ರ ಇದಾವುದರ ಪರಿವೆಯಿಲ್ಲದೆ, "ಮುತ್ತಜ್ಜಿ, ಅಲ್ಲಿ ನೋಡು ಮರಿ!" ಎಂದು ಕೂಗಿದ. ದಿಬ್ಬದ ಇಳಿಜಾರಿನಲ್ಲಿ ಹತ್ತಿಯ ಉಂಡೆಯಂಥ ಮರಿಯೊಂದು ತಾಯಿಯ ನೆರಳಿನಲ್ಲಿ ಓಡುತ್ತಿತ್ತು. ಅಮ್ಮ ಅದನ್ನೇ ನೋಡುತ್ತ ದೋಣಿಯವನನ್ನು ಕೇಳಿದಳು:

"ಮಳೆ ಬಂದು ನೀರು ಏರಿದರೆ ಇವುಗಳ ಗತಿ ಏನಪ್ಪ?"

"ಅಷ್ಟು ಹೊತ್ತಿಗೆ ಮರಿ ಬಲಿತು ಹಾರಿ ಹೋಗುತ್ತವೆ ಅಜ್ಜಿ. ತಡವಾಗಿ ಇಟ್ಟ ಮೊಟ್ಟೆ ಇದ್ದು, ಮಳೆ ಬೇಗ ಹಿಡಿದರೆ ಕಷ್ಟ."

"ನಮಗೆ ನೋಟೀಸು ಕೊಟ್ಟಿದ್ದರು. ಇವಕ್ಕೆ ಯಾರು ಕೊಡುತ್ತಾರೆ?" ಎಂದಳು ಅಮ್ಮ.

ಯಾರೂ ಉತ್ತರ ಹೇಳಲಿಲ್ಲ. ಕಾರಿನ ಒಡೆಯರಾದ ಆ ಮಹನೀಯರು ಅಷ್ಟು ಹೊತ್ತೂ ಕಣ್ಣಿಗೆ ಹಿಡಿದಿದ್ದ ದುರ್ಬೀನನ್ನು ಕೊರಳಿನಿಂದ ತೆಗೆದು ಅಮ್ಮನ ಕೈಗೆ ಕೊಟ್ಟರು. ದಂಡೆಗೆ ಹಿಂತಿರುಗುವವರೆಗೂ ಅದು ಅವಳ ಬಳಿಯಲ್ಲೇ ಇತ್ತು. ದೋಣಿಯಿಂದ ಇಳಿಯುವಾಗ ಅವಳು ಬಾಗಿ ಬೊಗಸೆಯಲ್ಲಿ ನೀರು ತೆಗೆದುಕೊಂಡು ತಲೆಯ ಮೇಲೆ ಚಿಮುಕಿಸಿಕೊಂಡಳು. ಮಣ್ಣು ಸಿಗದಿದ್ದರೇನು, ಆ ಮಣ್ಣಿನ ಮೇಲಿನ ನೀರು ಸಿಕ್ಕಿತು.

ಮಾತು ಕೊಟ್ಟಿದ್ದಂತೆ ಆಟೋದವನು ಬಂದಿದ್ದ. ಹಿಂದಿರುಗುವ ಹಾದಿಯಲ್ಲಿ ತರೀಕೆರೆಯಲ್ಲಿ ಇಳಿದು, ಸಮಯವಿದ್ದುದರಿಂದ ಇನ್ನೊಂದು ಆಟೋ ಮಾಡಿಕೊಂಡು ಅಮೃತಾಪುರದ ದೇವಸ್ಥಾನವನ್ನೂ ನೋಡಿದೆವು. 1196ರಲ್ಲಿ ಹೊಯ್ಸಳರ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಕಟ್ಟಿದ್ದು. ಅಲ್ಲಿಯ ತಿರುಗಣೆ ಕಂಬಗಳಲ್ಲಿ ಮೊಮ್ಮಗ ತನ್ನ ಮುಖ ಹುಡುಕಿದ. ಅಮ್ಮ ಜಗಲಿಯ ಮೇಲೆ ಕುಳಿತು, "ಕಲ್ಲಿನದಾದರೆ ಎಂಟುನೂರು ವರ್ಷ ನಿಲ್ಲುತ್ತದೆ" ಎಂದಷ್ಟೇ ಹೇಳಿದಳು. ಒರಳುಕಲ್ಲನ್ನು ನೆನೆದಳೋ ಏನೋ, ನಾನು ಕೇಳಲಿಲ್ಲ. ತಂಗಿ ಅಜ್ಜಂಪುರದ ಬಸ್ಸು ಹತ್ತಿದಳು. ನಾವು ರೈಲು ಹಿಡಿದು ದೀಪ ಹಚ್ಚುವ ಹೊತ್ತಿಗೆ ಕಡೂರು ಸೇರಿದೆವು.

ರಾತ್ರಿ ಮಗ ಫೋನು ಮಾಡಿದ. "ಬಹಳ ತೊಂದರೆಯಾಯಿತೇನೋ. ಮುಂದಿನ ಸಲ ಖಂಡಿತ ಕಾರಿನಲ್ಲೇ ಹೋಗೋಣ ಅಜ್ಜಿ" ಎಂದು ನೊಂದುಕೊಂಡ. ಅಮ್ಮ, "ಹೋಗೋಣಪ್ಪ, ಬಾ. ಎಂ.ಸಿ. ಹಳ್ಳಿಯಲ್ಲಿ ಒಬ್ಬಳಿದ್ದಾಳೆ, ಅವಳನ್ನೂ ಹತ್ತಿಸಿಕೊಂಡು ಹೋಗಬೇಕು. ಕಾರಿನಲ್ಲಿ ಜಾಗ ಇದೆ ತಾನೆ?" ಎಂದಳು.

ರಜ ಮುಗಿದು ಮೊಮ್ಮಗ ಬೆಂಗಳೂರಿಗೆ ಹೋದ. ಶಾಲೆಯಲ್ಲಿ ಅಂಡಮಾನಿನ ಹುಡುಗನಿಗೆ ಅವನು ಏನೆಂದು ಹೇಳಿದನೋ ತಿಳಿಯದು. ನಮ್ಮ ಮನೆಯಲ್ಲಿ ಮಾತ್ರ ಒಂದು ಹೊಸ ಪದ್ಧತಿ ಬಂದಿತು. ಜೂನ್ ತಿಂಗಳಲ್ಲಿ ಮಲೆನಾಡಿಗೆ ಮಳೆ ಹಿಡಿದ ದಿನದಿಂದ, ನಾನು ಪತ್ರಿಕೆ ಬಿಡಿಸುತ್ತಿದ್ದಂತೆ ಅಮ್ಮ ಒಳಗಿನಿಂದಲೇ ಕೇಳುತ್ತಿದ್ದಳು: "ಭದ್ರೆ ಇವತ್ತು ಎಷ್ಟು ಅಡಿ?" ನಾನು ಜಲಾಶಯಗಳ ಮಟ್ಟದ ಪಟ್ಟಿಯನ್ನು ಹುಡುಕಿ ಓದಿ ಹೇಳುತ್ತಿದ್ದೆ. ನೀರು ಏರಿದರೆ ರೈತರಿಗೆ ಹರ್ಷ, ಊರಿಗೆ ಹರ್ಷ. ಅಮ್ಮ ಮಾತ್ರ ಅಂಕಿಯನ್ನು ಕೇಳಿ, ಬೆರಳಿನಲ್ಲಿ ವಾರಗಳನ್ನು ಎಣಿಸಿ ಸುಮ್ಮನಾಗುತ್ತಿದ್ದಳು.

ಜುಲೈ ತಿಂಗಳ ಒಂದು ಬೆಳಿಗ್ಗೆ ಮಟ್ಟ ಒಮ್ಮೆಲೇ ಏರಿದ ಸುದ್ದಿ ಬಂತು. ಓದಲೋ ಬೇಡವೋ ಎಂದು ಹಿಂದೆಮುಂದೆ ನೋಡಿ ಕೊನೆಗೆ ಓದಿದೆ. ಅಮ್ಮ ಮೊರವನ್ನು ಕೆಳಗಿಟ್ಟು, ಬೆರಳುಗಳನ್ನು ಎರಡು ಸಲ ಎಣಿಸಿದಳು.

"ಹಾರಿರುತ್ತವೆ ಬಿಡು" ಎಂದಳು. ಆಮೇಲೆ ಮತ್ತೆ ಅಕ್ಕಿ ಆರಿಸತೊಡಗಿದಳು.